ವೀರಸ್ವರ್ಗದ ತಳದಲ್ಲಿ

ಜಪಾನಿನ ಅನಿಮೆ ಬಗ್ಗೆ ಬಳ್ಳಾರಿ ಸೀಮೆಯ ಓದುಬಲ್ಲವರ ನಡುವೆ ಒಂದು ತೀರ್ಪು ಬಹಳ ವರ್ಷಗಳಿಂದ ಚಲಾವಣೆಯಲ್ಲಿದೆ. ಕಾರ್ಟೂನು ಮಕ್ಕಳ ಸರಕು; ಅದಕ್ಕೆ ರಕ್ತ ಬಳಿದರೆ ಮಕ್ಕಳಿಗೂ ಆಗದು, ದೊಡ್ಡವರಿಗೂ ಬೇಡ. ಹೀಗೆ ಹೇಳುವವರಲ್ಲಿ ಬಹುಪಾಲು ಜನ ಒಂದು ಸರಣಿಯನ್ನಾದರೂ ಕೊನೆಮುಟ್ಟ ನೋಡಿದವರಲ್ಲ. ಕಾಲೇಜಿಗೆ ಹೋಗುವ ಮಗನ ಮೊಬೈಲಿನಲ್ಲಿ ತುಂಡಾಗಿ ಬಿದ್ದ ತೋಳೊಂದು ಕಂಡಿರುತ್ತದೆ, ಅಷ್ಟಕ್ಕೇ ಇಡೀ ಪರಂಪರೆಯ ಜಾತಕ ಬರೆದು ಮುಗಿಸಿರುತ್ತಾರೆ. ಇದೇ ಜನ ಜಾತ್ರೆಯ ರಾತ್ರಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಗೆ ಚಾಪೆ ಹಾಸಿ ಕೂತವರು. ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮನ ಕಥೆಯನ್ನು ಕೋಳಿ ಕೂಗುವ ತನಕ ಕೇಳಿ, ಕಣ್ಣೊರೆಸಿಕೊಂಡು ಎದ್ದವರು.

ಈ ತೀರ್ಪು ಬೇರೆ ಕಡೆ ಹುಟ್ಟಿದ್ದರೆ ಸಹಿಸಬಹುದಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬಾಯಲ್ಲಿ ಬರಬಾರದ ಮಾತು ಇದು. ಬಿಳಿ ಪರದೆಯ ಮೇಲೆ ಚಿತ್ರಗಳನ್ನು ಕುಣಿಸಿ, ದೊಡ್ಡವರನ್ನು ಕೂರಿಸಿಕೊಂಡು, ರಾತ್ರಿಯಿಡೀ ಯುದ್ಧದ ಕಥೆ ಹೇಳುವ ಕಲೆಯನ್ನು ಕೈಬಿಡದೆ ಉಳಿಸಿಕೊಂಡ ಸೀಮೆ ಇದು. ಹದ ಮಾಡಿದ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆದು, ಕೆಂಪು, ಹಸಿರು, ಕಪ್ಪು ತುಂಬಿ ಮಾಡುವ ತೊಗಲುಗೊಂಬೆ ಅನಿಮೇಷನ್ ಅಲ್ಲದೆ ಇನ್ನೇನು? ಅದರಲ್ಲಿ ರಾವಣ ಉಳಿದವರಿಗಿಂತ ದೊಡ್ಡವನಾಗಿ ಕಾಣುವುದು ಅವನ ಪದವಿಯ ಅಳತೆ. ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕರ ಪೋಲಿ ಮಾತುಗಳು ಮಕ್ಕಳ ಕಿವಿಗೆಂದು ಕಟ್ಟಿದವಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಪರದೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಅವರನ್ನು ಗೌರವಿಸಿತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆಯಿತು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಮರುಗಿತು. ಅವರಿಗೆ ಕೈಮುಗಿಯುವ ಊರು, ಚಲಿಸುವ ಚಿತ್ರವೆಂದರೆ ಮಕ್ಕಳಾಟ ಎಂದು ಹೇಳುವುದು ಕೇಳಲಾಗದ ಮಾತು.

ರಕ್ತದ ವಿಷಯಕ್ಕೆ ಬಂದರೆ, ಕನ್ನಡ ಕಾವ್ಯ ಅದನ್ನು ಕಂಡು ಯಾವತ್ತೂ ಮುಖ ತಿರುಗಿಸಿಲ್ಲ. ಕುಮಾರವ್ಯಾಸನ ಭೀಮ ದುಶ್ಶಾಸನನ ಎದೆ ಬಗೆಯುವುದನ್ನು ಗಮಕಿಗಳು ದೇವಸ್ಥಾನದ ಪಡಸಾಲೆಯಲ್ಲೇ ಹಾಡಿದ್ದಾರೆ. ರನ್ನನ ‘ಸಾಹಸಭೀಮವಿಜಯ’ದಲ್ಲಿ ದುರ್ಯೋಧನ ಸಂಜಯನ ಹೆಗಲು ಹಿಡಿದು ರಣರಂಗದಲ್ಲಿ ನಡೆಯುವ ಭಾಗವನ್ನು ಓದಿದವರು ಮರೆಯುವುದಿಲ್ಲ. ಸತ್ತ ಆನೆಗಳು, ಜಾರುವ ನೆಲ, ಒಬ್ಬೊಬ್ಬರಾಗಿ ಎದುರಾಗುವ ಹೆಣಗಳು: ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಆ ಚಕ್ರವರ್ತಿ ಪ್ರತಿ ಹೆಣದ ಮುಂದೆಯೂ ನಿಲ್ಲಬೇಕು. ತನ್ನ ಮಗನ ಶವದಷ್ಟೇ ಗೌರವದಿಂದ ಶತ್ರುವಿನ ಮಗ ಅಭಿಮನ್ಯುವಿನ ಶವವನ್ನೂ ನೋಡಬೇಕು. ರನ್ನನ ದೊಡ್ಡಸ್ತಿಕೆ ಇರುವುದು ಈ ನಿಲ್ಲುವಿಕೆಯಲ್ಲಿ. ಗದಾಯುದ್ಧದ ಅಬ್ಬರ ಆಮೇಲಿನದು.

ಕಂಪನಿ ನಾಟಕಕ್ಕೂ ಈ ಗುಟ್ಟು ತಿಳಿದಿತ್ತು. ವೇದಿಕೆಯ ಮೇಲೆ ಕತ್ತಿ ಬೀಸಲು ಎಷ್ಟು ಹೊತ್ತು ಬೇಕು? ಆದರೆ ಹೆಣದ ಮುಂದೆ ಕೂತ ದ್ರೌಪದಿ ಹಾಡುವುದಕ್ಕೆ ಪೇಟಿ ಮಾಸ್ತರರು ಕೊಡುತ್ತಿದ್ದ ಹೊತ್ತು ಅದರ ಹತ್ತು ಪಟ್ಟು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಳ್ಳುವವರೆಗೆ ಈ ಸೀಮೆಯ ಕಿವಿಯಲ್ಲಿ ಉಳಿದದ್ದು ಅಂಥ ರಂಗಗೀತೆಗಳಿಂದಲೇ. ಆಧುನಿಕ ರಂಗಭೂಮಿಯ ವಿಮರ್ಶಕರು ‘ರಕ್ತರಾತ್ರಿ’ಯನ್ನು ಅಬ್ಬರದ ನಾಟಕ, ಅತಿರೇಕದ ನಾಟಕ ಎಂದು ಬದಿಗೆ ಸರಿಸಿದಾಗ ಅವರ ಗಮನವೆಲ್ಲ ಕತ್ತಿಯ ಮೇಲಿತ್ತು; ಹಾಡಿಗೆ ಕೊಟ್ಟ ಹೊತ್ತನ್ನು ಅವರು ಅಳೆಯಲೇ ಇಲ್ಲ. ಕೊಲ್ಲುವುದಕ್ಕೆ ಎಷ್ಟು ಹೊತ್ತು, ಕೊಂದ ಮೇಲಿನ ಬದುಕಿಗೆ ಎಷ್ಟು ಹೊತ್ತು? ಹಿಂಸೆಯ ಕಥೆಯೊಂದರ ಯೋಗ್ಯತೆಯನ್ನು ಈ ಲೆಕ್ಕದಿಂದಲೇ ಅಳೆಯಬೇಕು.

ಆ ಅಳತೆಗೋಲು ಹಿಡಿದು ಕೂತವರಿಗೆ ‘ವಿನ್‌ಲ್ಯಾಂಡ್ ಸಾಗಾ’ ಕೊಡುವ ಬೆರಗು ಸಣ್ಣದಲ್ಲ.

ಮಕೊಟೊ ಯುಕಿಮುರಾ ಇದನ್ನು ಮಾಂಗಾ ಎಂಬ ಜಪಾನಿ ಚಿತ್ರಕಥೆಯ ರೂಪದಲ್ಲಿ 2005ರಲ್ಲಿ ಶುರುಮಾಡಿ 2025ರಲ್ಲಿ ಮುಗಿಸಿದರು. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಒಂದೇ ಕಥೆಯ ನೊಗ ಹೊತ್ತ ಕೆಲಸ. ಅದರ ಅನಿಮೆ ರೂಪದ ಮೊದಲ ಸೀಸನ್ 2019ರಲ್ಲಿ ವಿಟ್ ಸ್ಟುಡಿಯೊದಿಂದ, ಎರಡನೆಯದು 2023ರಲ್ಲಿ ಮಪ್ಪಾ ಸ್ಟುಡಿಯೊದಿಂದ ಬಂತು. ಎರಡಕ್ಕೂ ನಿರ್ದೇಶಕ ಶುಹೇ ಯಾಬುಟಾ. ಎರಡೂ ತಲಾ 24 ಕಂತು. ಕಥೆ ನಡೆಯುವುದು ಹನ್ನೊಂದನೇ ಶತಮಾನದ ಮೊದಲ ಎರಡು ದಶಕಗಳಲ್ಲಿ, ಐಸ್‌ಲ್ಯಾಂಡ್, ಇಂಗ್ಲೆಂಡ್, ಡೆನ್ಮಾರ್ಕುಗಳ ನಡುವೆ. ಡೆನ್ಮಾರ್ಕಿನ ದೊರೆ ಸ್ವೇನ್, ಅವನ ಮಗ ಕನ್ಯೂಟ್, ಎತ್ತರದ ಥಾರ್ಕೆಲ್, ಸಮುದ್ರಯಾನಿ ಲೀಫ್ ಎರಿಕ್ಸನ್ ಎಲ್ಲರೂ ಚರಿತ್ರೆಯಲ್ಲಿ ಇದ್ದವರೇ. ರನ್ನ ‘ಅಜಿತಪುರಾಣ’ ಮುಗಿಸಿದ್ದು 993ರಲ್ಲಿ. ಚಾಲುಕ್ಯರ ಆಸ್ಥಾನದಲ್ಲಿ ಅವನು ಕವಿಚಕ್ರವರ್ತಿಯಾಗಿ ಮೆರೆದ ಕಾಲದಲ್ಲೇ ಉತ್ತರದ ಸಮುದ್ರಗಳಲ್ಲಿ ಈ ವೈಕಿಂಗರು ಹಡಗು ತುಂಬ ಕೊಡಲಿ ಹೊತ್ತು ತಿರುಗುತ್ತಿದ್ದರು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ ಎರಡು ಲೋಕಗಳು ಒಂದೇ ಹೊತ್ತಿನಲ್ಲಿ ಒಂದೇ ನಂಬಿಕೆಯನ್ನು ಸಾಕುತ್ತಿದ್ದವು: ಯುದ್ಧದಲ್ಲಿ ಸತ್ತವನಿಗೆ ಸ್ವರ್ಗ.

ಮೊದಲ ಸೀಸನ್ನಿನಲ್ಲಿ ರಕ್ತಕ್ಕೆ ಬರವಿಲ್ಲ. ಥಾರ್ಸ್ ಎಂಬ ಮಹಾಯೋಧ ಯುದ್ಧ ಸಾಕೆಂದು ಹೆಂಡತಿ ಮಕ್ಕಳ ಜೊತೆ ಐಸ್‌ಲ್ಯಾಂಡಿನಲ್ಲಿ ಕುರಿ ಮೇಯಿಸಿಕೊಂಡಿದ್ದಾನೆ. ಅವನನ್ನು ಮತ್ತೆ ದಂಡಿಗೆ ಎಳೆಯುತ್ತಾರೆ, ದಾರಿಯಲ್ಲಿ ಆಸ್ಕೆಲಾಡ್ ಎಂಬ ಬಾಡಿಗೆ ದಂಡನಾಯಕನ ಹೊಂಚಿಗೆ ಬೀಳುತ್ತಾನೆ. ನಾಲ್ಕನೆಯ ಕಂತಿನಲ್ಲಿ ಥಾರ್ಸ್ ಎದುರಾಳಿಗಳನ್ನು ಬರಿಗೈಯಲ್ಲಿ ಕೆಡವುತ್ತಾನೆ. ಒಬ್ಬನನ್ನೂ ಕೊಲ್ಲುವುದಿಲ್ಲ. ಗೆದ್ದ ಮೇಲೆ, ಹಡಗಿನಲ್ಲಿರುವ ಹಳ್ಳಿಯ ಹುಡುಗರ ಪ್ರಾಣ ಉಳಿಸಲು ತಾನೇ ಬಾಣಗಳಿಗೆ ಎದೆಯೊಡ್ಡುತ್ತಾನೆ. ಹಡಗಿನಲ್ಲಿ ಕದ್ದು ಕೂತು ಬಂದಿದ್ದ ಮಗ ಥಾರ್ಫಿನ್ ಅದನ್ನು ನೋಡುತ್ತಾನೆ. ನಿನಗೆ ವೈರಿಗಳಿಲ್ಲ, ನೋಯಿಸಬಹುದಾದ ಮನುಷ್ಯನೇ ಲೋಕದಲ್ಲಿಲ್ಲ ಎಂಬ ಅರ್ಥದ ಮಾತನ್ನು ಅಪ್ಪ ಅವನಿಗೆ ಹೇಳಿರುತ್ತಾನೆ. ಹುಡುಗನಿಗೆ ಅದು ಕೇಳಿಸಿದರೂ ಒಳಗೆ ಇಳಿಯುವುದಿಲ್ಲ. ಅಪ್ಪನ ಕಠಾರಿ ಹಿಡಿದು, ಅಪ್ಪನನ್ನು ಕೊಂದವನ ದಂಡಿನಲ್ಲೇ ಬೆಳೆಯುತ್ತಾನೆ. ಒಂದೊಂದು ಊರನ್ನು ಸುಲಿಯಲು ನೆರವಾದಾಗಲೂ ಅವನು ಕೇಳುವ ಸಂಬಳ ಒಂದೇ: ಆಸ್ಕೆಲಾಡ್‌ನೊಡನೆ ಒಂದು ಒಂಟಿ ಕಾಳಗ. ಪ್ರತಿ ಸಲವೂ ಸೋಲುತ್ತಾನೆ.

ಸೇಡಿನ ಕಥೆಗಳನ್ನು ಅರೆದು ಕುಡಿದವರಿಗೆ ಇದರ ಕೊನೆ ಗೊತ್ತಿದೆ ಅನಿಸಬಹುದು. ಯುಕಿಮುರಾ ಆ ಕೊನೆಯನ್ನು ಕೊಡಲೇ ಇಲ್ಲ. ಆಸ್ಕೆಲಾಡ್ ದೊರೆ ಸ್ವೇನನ ತಲೆ ಹಾರಿಸುತ್ತಾನೆ, ಕನ್ಯೂಟ್ ಆಸ್ಕೆಲಾಡ್‌ನನ್ನು ಇರಿಯುತ್ತಾನೆ. ಹನ್ನೊಂದು ವರ್ಷ ಒಬ್ಬನ ಕತ್ತು ಕೊಯ್ಯಲೆಂದೇ ಬದುಕಿದ್ದ ಥಾರ್ಫಿನ್ನನ ಕೈಯಲ್ಲಿ ಕಠಾರಿ ಉಳಿಯುತ್ತದೆ, ಕತ್ತು ಉಳಿಯುವುದಿಲ್ಲ. ಸೇಡನ್ನು ತೀರಿಸಿ ಪ್ರೇಕ್ಷಕನನ್ನು ತಣಿಸುವುದು ಸುಲಭದ ದಾರಿ. ಸೇಡು ಕಸಿದುಕೊಂಡು ಹುಡುಗನನ್ನು ಬರಿದು ಮಾಡಿ ನಿಲ್ಲಿಸುವ ಧೈರ್ಯ ಇತ್ತೀಚಿನ ಯಾವ ಕನ್ನಡ ಚಿತ್ರಕ್ಕೂ ಬಂದಿಲ್ಲ.

ಹದಿನಾಲ್ಕನೆಯ ಕಂತನ್ನು ಹತ್ತಿರದಿಂದ ನೋಡಬೇಕು. ಇಂಗ್ಲೆಂಡಿನ ಒಂದು ಹಳ್ಳಿ, ಹಿಮ ಬಿದ್ದ ರಾತ್ರಿ. ಆ್ಯನ್ ಎಂಬ ಹುಡುಗಿಯ ಮನೆ ದೈವಭಕ್ತರದು, ಉಣ್ಣುವ ಮೊದಲು ಪ್ರಾರ್ಥನೆ ಮಾಡುವವರದು. ಅವಳು ಕದ್ದ ಉಂಗುರವೊಂದನ್ನು ಮರದ ಪೊಟರೆಯಲ್ಲಿ ಬಚ್ಚಿಟ್ಟಿದ್ದಾಳೆ. ಅದನ್ನು ಬೆರಳಿಗೆ ಹಾಕಿ ನೋಡುವ ಆಸೆಗೆ ಹೊರಗೆ ಹೋಗಿದ್ದಾಗ ಆಸ್ಕೆಲಾಡ್‌ನ ದಂಡು ಹಳ್ಳಿಗೆ ನುಗ್ಗುತ್ತದೆ. ಅವರಿಗೆ ಬೇಕಾದದ್ದು ಚಳಿಗಾಲ ಕಳೆಯಲು ಕಾಳುಕಡಿ, ಸೂರು. ಸುದ್ದಿ ಹೊರಗೆ ಹೋಗಬಾರದೆಂದು ಹಳ್ಳಿಯವರನ್ನೆಲ್ಲ ಒಂದೆಡೆ ಸೇರಿಸಿ ಮುಗಿಸುತ್ತಾರೆ. ನಿರ್ದೇಶಕ ನಮ್ಮನ್ನು ಆ ಹುಡುಗಿಯ ಪಕ್ಕದಲ್ಲೇ ನಿಲ್ಲಿಸುತ್ತಾನೆ. ಕೊಲ್ಲುವವರು ರಾಕ್ಷಸರಂತೆ ಕಾಣುವುದಿಲ್ಲ. ಕೆಲಸ ಮುಗಿಸಿ ಊಟಕ್ಕೆ ಕೂರುವ ಕೂಲಿಯಾಳುಗಳಂತೆ ಇದ್ದಾರೆ. ಇಷ್ಟಾದರೂ ಆಕಾಶ ಬೀಳಲಿಲ್ಲ, ದೇವರು ತಡೆಯಲಿಲ್ಲ; ಒಂದು ಉಂಗುರಕ್ಕೆ ನರಕ ಸಿಕ್ಕೀತೆಂದು ನಡುಗಿದ್ದ ಹುಡುಗಿಗೆ ಆ ನಡುಕದ ಅರ್ಥವೇ ತಿಳಿಯದಾಗುತ್ತದೆ. ಕಥಾನಾಯಕ ಥಾರ್ಫಿನ್ ಕೊಲೆಗಾರರ ಕಡೆಯೇ ಇದ್ದಾನೆ. ಅವನಿಗೆ ಆ ಹುಡುಗಿ ಇದ್ದಳೆಂಬುದೂ ಗೊತ್ತಿಲ್ಲ. ಪ್ರೇಕ್ಷಕನಿಗೆ ಗೊತ್ತು. ಎರಡನೆಯ ಸೀಸನ್ನಿನ ಉದ್ದಕ್ಕೂ ಈ ಸಾಲ ಪ್ರೇಕ್ಷಕನ ತಲೆಯ ಮೇಲೆ ಉಳಿಯುತ್ತದೆ.

ಇನ್ನು ಎರಡನೆಯ ಸೀಸನ್. ಇಲ್ಲಿ ಅನಿಮೆ ಅಭಿಮಾನಿಗಳಲ್ಲೇ ಒಂದು ಬಣ ಕೈಕೊಟ್ಟಿತು. ಕಾಳಗ ಎಲ್ಲಿ, ಕೊಡಲಿ ಎಲ್ಲಿ, ಇದು ಬರೀ ಹೊಲದ ಕಥೆ ಎಂದು ಗೊಣಗಿತು. ಆ ಗೊಣಗಾಟವೇ ಸರಣಿಯ ಪರವಾದ ಸಾಕ್ಷಿ. ಥಾರ್ಫಿನ್ ಈಗ ಗುಲಾಮ. ಡೆನ್ಮಾರ್ಕಿನಲ್ಲಿ ಕೆಟಿಲ್ ಎಂಬ ಜಮೀನ್ದಾರನ ಒಕ್ಕಲಿನಲ್ಲಿ ಐನಾರ್ ಎಂಬ ಇನ್ನೊಬ್ಬ ಗುಲಾಮನ ಜೊತೆ ಕಾಡು ಕಡಿದು ಹೊಲ ಮಾಡುವ ಕೆಲಸ ಅವನದು. ಬೆಳೆದ ಗೋಧಿಯಿಂದಲೇ ತಮ್ಮ ಬಿಡುಗಡೆಯ ಬೆಲೆ ತೆರಬೇಕು. ಮರ ಉರುಳಿಸುವುದು ಒಂದು ಪಾಡು, ಬೇರುಸಹಿತ ಬೊಡ್ಡೆ ಕೀಳುವುದು ಇನ್ನೊಂದು ಪಾಡು. ಕುದುರೆ ಇಲ್ಲ, ನೇಗಿಲಿಲ್ಲ. ಕೊನೆಗೆ ಕೆಟಿಲ್‌ನ ಮುದಿ ತಂದೆ ಸ್ವೆರ್ಕೆಲ್ ತನ್ನ ಮನೆಗೆಲಸ ಮಾಡಿಕೊಟ್ಟರೆ ಕೊಡುತ್ತೇನೆ ಅನ್ನುತ್ತಾನೆ. ಕಂತಿನ ಮೇಲೆ ಕಂತು ಹೀಗೇ ಸಾಗುತ್ತದೆ. ಮೊಳಕೆ ಮೂಡಿದ ಬೆಳಗು ಇಬ್ಬರೂ ಹೊಲದಲ್ಲಿ ನಿಂತು ನೋಡುವ ದೃಶ್ಯಕ್ಕೆ ಮೊದಲ ಸೀಸನ್ನಿನ ಯಾವ ಕಾಳಗಕ್ಕೂ ಇಲ್ಲದ ಎದೆಬಡಿತ ಇದೆ.

ಸಿರುಗುಪ್ಪದ ಪ್ರೇಕ್ಷಕನಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜಯನಗರದ ಅರಸರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳಿಂದ ಹಿಡಿದು ತುಂಗಭದ್ರಾ ಅಣೆಕಟ್ಟೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ವರೆಗೆ ನೀರಿನ ದಾರಿ ಕಾಯುತ್ತ ಭತ್ತ ಬೆಳೆದ ನೆಲ ಅದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ಎಣಿಸಿದ್ದು ಟಿಎಂಸಿಗಳನ್ನು, ಮುಂದಿನ ಬೆಳೆಗೆ ನೀರು ಉಳಿದೀತೇ ಎಂಬ ಒಂದೇ ಚಿಂತೆಯಲ್ಲಿ. ‘ವಿನ್‌ಲ್ಯಾಂಡ್ ಸಾಗಾ’ದಲ್ಲಿ ಒಂದು ರಾತ್ರಿ ಕೆಟಿಲ್‌ನ ಆಳುಗಳು ಹೊಟ್ಟೆಕಿಚ್ಚಿಗೆ ಗೋಧಿ ಸಸಿಗಳನ್ನೆಲ್ಲ ಕಿತ್ತು ತುಳಿದು ಹಾಳುಮಾಡುತ್ತಾರೆ. ಒಬ್ಬ ಮನುಷ್ಯನ ಕೊಲೆಗಿಂತ ಕಡಿಮೆಯದಲ್ಲದ ಹಿಂಸೆಯಾಗಿ ಅದನ್ನು ಚಿತ್ರಿಸಲಾಗಿದೆ. ಮೊದಲ ಸೀಸನ್ನಿನಲ್ಲಿ ಥಾರ್ಫಿನ್ ಇಂಥ ಎಷ್ಟು ಹೊಲ ತುಳಿದಿದ್ದನೋ ಅವನಿಗೇ ನೆನಪಿಲ್ಲ. ಐನಾರ್ ಅಂಥ ಸುಲಿಗೆಯಲ್ಲೇ ತಾಯಿಯನ್ನೂ ತಂಗಿಯನ್ನೂ ಕಳಕೊಂಡು ಗುಲಾಮನಾದವನು. ಇಬ್ಬರೂ ಒಂದೇ ನೇಗಿಲು ಹಿಡಿದಿದ್ದಾರೆ. ಕೊಂದವನಿಗೂ ಕಳಕೊಂಡವನಿಗೂ ಹೀಗೆ ಒಂದೇ ಹೊಲ ಕೊಟ್ಟು ನೋಡಿದ ಕಥೆಗಳು ಬಹಳಿಲ್ಲ.

ಆ ರಾತ್ರಿಯ ಹೊಡೆದಾಟದಲ್ಲಿ ಪ್ರಜ್ಞೆ ತಪ್ಪಿದ ಥಾರ್ಫಿನ್ ಕಾಣುವ ಕನಸು ಇಡೀ ಸರಣಿಯ ಎತ್ತರ. ಅವನು ವಲ್ಹಲ್ಲಾಕ್ಕೆ ಬೀಳುತ್ತಾನೆ. ಯೋಧರು ಹಂಬಲಿಸುವ, ಕತ್ತಿ ಹಿಡಿದು ಸತ್ತವರಿಗೇ ಮೀಸಲಾದ ಸ್ವರ್ಗ ಅದು. ಮೇಲಿನಿಂದ ಕಂಡರೆ ಹಬ್ಬ, ಹತ್ತಿರ ಹೋದರೆ ಕೊನೆಯಿಲ್ಲದ ಕಡಿದಾಟ. ಕಣ್ಣಿಲ್ಲದ, ಮುಖವಿಲ್ಲದ ಸಾವಿರಾರು ಜನ ಒಬ್ಬರನ್ನೊಬ್ಬರು ಕೊಚ್ಚುತ್ತಲೇ ಇದ್ದಾರೆ, ಯಾಕೆಂದು ಯಾರಿಗೂ ನೆನಪಿಲ್ಲ. ಅದರ ತಳದಲ್ಲಿ ಥಾರ್ಫಿನ್ ಕೊಂದವರೆಲ್ಲ ಅವನ ಕಾಲು ಹಿಡಿದು ಜೋತುಬಿದ್ದಿದ್ದಾರೆ. ಆಸ್ಕೆಲಾಡ್ ಅವನನ್ನು ಮೇಲೆ ಹತ್ತು ಎನ್ನುತ್ತಾನೆ, ಈ ಹೆಣಗಳನ್ನೂ ಹೊತ್ತುಕೊಂಡೇ ಹತ್ತು ಎನ್ನುತ್ತಾನೆ.

ಈ ದೃಶ್ಯವನ್ನು ಕನ್ನಡ ನಾಡಿನ ವೀರಗಲ್ಲಿನ ಪಕ್ಕದಲ್ಲಿಟ್ಟು ನೋಡಬೇಕು. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಜನಕ್ಕೆ ವೀರಗಲ್ಲು ಹೊಸದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ಸೂರ್ಯ ಚಂದ್ರರು. ಊರಿನ ದನಗಳನ್ನು ಉಳಿಸಲು, ಹೆಂಗಸರ ಮಾನ ಕಾಯಲು ಸತ್ತವರ ಕಲ್ಲುಗಳು ಅವು. ಅವುಗಳ ಮುಂದೆ ತಲೆಬಾಗುವುದು ಸರಿಯೇ. ಆದರೆ ಆ ವೀರನ ಕೈಯಲ್ಲಿ ಸತ್ತವರು ಎಲ್ಲಿಗೆ ಹೋದರೆಂದು ಕಲ್ಲು ಹೇಳುವುದಿಲ್ಲ. ಅವರು ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾಲ ಬುಡದಲ್ಲಿ ಬಿದ್ದಿದ್ದಾರೆ, ಅಲ್ಲೇ ಇರುತ್ತಾರೆ. ಯುಕಿಮುರಾ ಮೇಲಿನ ಪಟ್ಟಿಕೆಯನ್ನು ಕಿತ್ತು ಕೆಳಗಿನದರ ಮೇಲೆ ಹೇರಿದ್ದಾರೆ: ವೀರನ ಸ್ವರ್ಗದಲ್ಲಿ ಅವನು ಕೊಂದವರೂ ಇದ್ದಾರೆ. ಕನ್ನಡದಲ್ಲಿ ಈ ಪ್ರಶ್ನೆಯ ಹತ್ತಿರಕ್ಕೆ ಹೋದವನು ರನ್ನ ಒಬ್ಬನೇ, ಅವನೂ ಸ್ವರ್ಗದ ಬಾಗಿಲವರೆಗೆ ಹೋಗಲಿಲ್ಲ. ಭಾಗವತದ ದ್ರೌಪದಿಗೆ ಇದು ಹೊಳೆದಿತ್ತು. ಕಟ್ಟಿ ತಂದ ಅಶ್ವತ್ಥಾಮನನ್ನು ಬಿಟ್ಟುಬಿಡಿ, ಅವನ ತಾಯಿ ನನ್ನ ಹಾಗೆ ಅಳುವುದು ಬೇಡ ಎಂದವಳು ಅವಳು.

ಆಮೇಲಿನ ಕಥೆ ಈ ಕನಸಿನ ಋಣ ತೀರಿಸುವ ಕಥೆ. ಕನ್ಯೂಟ್ ಈಗ ದೊರೆ. ತಂದೆಯ ಕಡಿದ ತಲೆ ಅವನ ಕಣ್ಣ ಮುಂದೆ ಬಂದು ಮಾತಾಡುತ್ತದೆ. ಕಂಪ್ಲಿಯ ಕುಮಾರರಾಮನ ಕಥೆ ಕೇಳಿ ಬೆಳೆದವರಿಗೆ ತಲೆ ಕಡಿದ ಮೇಲೂ ಕಥೆ ಮುಂದುವರಿಯುವುದು ಅಪರಿಚಿತವಲ್ಲ. ದಂಡಿನ ಖರ್ಚಿಗಾಗಿ ಕೆಟಿಲ್‌ನ ಜಮೀನು ಕಸಿಯಲು ಕನ್ಯೂಟ್ ಬರುತ್ತಾನೆ. ಅದರ ನಡುವೆ ಕೆಟಿಲ್ ತನ್ನ ಗುಲಾಮಳಾದ ಬಸುರಿ ಆರ್ನ್‌ಹೈಡ್‌ಳನ್ನು ಹೊಡೆಯುತ್ತಾನೆ, ಅವಳು ಅದರಿಂದಲೇ ಸಾಯುತ್ತಾಳೆ. ಅಷ್ಟರವರೆಗೆ ಆ ಮನುಷ್ಯ ಮೆತ್ತನೆಯ ಸ್ವಭಾವದ ಯಜಮಾನ ಎಂದೇ ಕಥೆ ತೋರಿಸಿರುತ್ತದೆ. ಸರಣಿಯ ಅತಿ ಕ್ರೂರ ಕೃತ್ಯ ರಣರಂಗದಲ್ಲಿ ನಡೆಯಲಿಲ್ಲ, ಮನೆಯೊಳಗೆ ನಡೆಯಿತು, ನೇಗಿಲು ಗುಳಕ್ಕೆ ಬೆಲೆ ಕಟ್ಟಬಲ್ಲ ಒಬ್ಬ ಗೃಹಸ್ಥನ ಕೈಯಿಂದ ನಡೆಯಿತು. ಥಾರ್ಫಿನ್ ದೊರೆಯನ್ನು ಕಾಣಲು ಹೋಗುತ್ತಾನೆ. ದೊರೆಯ ದಂಡಾಳೊಬ್ಬನ ನೂರು ಏಟು ತಾಳಿಕೊಂಡರೆ ಒಳಗೆ ಬಿಡುತ್ತೇವೆ ಅನ್ನುತ್ತಾರೆ. ಒಂದು ಏಟನ್ನೂ ತಿರುಗಿ ಕೊಡದೆ ನೂರನ್ನೂ ತಾಳುತ್ತಾನೆ, ಮುಖ ಗುರುತು ಸಿಗದಷ್ಟು ಊದಿಕೊಂಡರೂ ನಿಂತೇ ಇರುತ್ತಾನೆ. ಮೊದಲ ಸೀಸನ್ನಿನಲ್ಲಿ ಹಾರಿ ಹಾರಿ ಕತ್ತು ಸೀಳುತ್ತಿದ್ದ ಅದೇ ದೇಹ ಇದು. ಒಂದೇ ಒಂದು ಹೆಣ ಬೀಳದ ಈ ಕಾಳಗ ಸರಣಿಯ ಅತಿ ದೊಡ್ಡ ಕಾಳಗ.

ಕಂಪನಿ ನಾಟಕದ ಪೇಟಿ ಮಾಸ್ತರರ ಲೆಕ್ಕಕ್ಕೆ ಇಲ್ಲಿ ಉತ್ತರ ಸಿಗುತ್ತದೆ. 24 ಕಂತು ಕೊಲ್ಲುವುದಕ್ಕೆ, 24 ಕಂತು ಕೊಂದದ್ದನ್ನು ಹೊರುವುದಕ್ಕೆ. ಹೀಗೆ ಸಮತೂಕ ಹಾಕಿದ ಇನ್ನೊಂದು ಹಿಂಸೆಯ ಕಥೆ ಸದ್ಯಕ್ಕೆ ಯಾವ ಪರದೆಯ ಮೇಲೂ ಇಲ್ಲ.

ಉಳಿದ ಸರಣಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ‘ಅಟ್ಯಾಕ್ ಆನ್ ಟೈಟನ್’ 2013ರಿಂದ 2023ರವರೆಗೆ ಓಡಿತು. ಗೋಡೆಯಾಚೆಯ ರಾಕ್ಷಸರೂ ನಮ್ಮಂಥವರೇ ಎಂದು ತೋರಿಸಿದ ಘಳಿಗೆಯಲ್ಲಿ ಅದು ದೊಡ್ಡ ಕೃತಿಯಾಯಿತು, ಆಮೇಲೆ ತನ್ನ ನಾಯಕನ ಮೋಹಕ್ಕೆ ಬಿದ್ದು ಸತ್ತವರನ್ನು ಎಣಿಸುವುದು ಬಿಟ್ಟಿತು. ಕೆಂಟಾರೊ ಮಿಯುರಾ 2021ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ಉಳಿದಿದ್ದ ‘ಬರ್ಸರ್ಕ್’ ಮಾಂಗಾದ 1997ರ ಅನಿಮೆಗೆ ನೋವಿನ ಆಳ ಇದೆ, ಬಿಡುಗಡೆಯ ದಾರಿ ಇಲ್ಲ. ‘ಡೆಮನ್ ಸ್ಲೇಯರ್’ ಬಣ್ಣದ ಕೆಲಸ. ಅದರಲ್ಲಿ ಕತ್ತಿ ಬೀಸಿದಾಗ ನೀರಿನ ಅಲೆ, ಬೆಂಕಿಯ ನಾಲಗೆ ಚೆನ್ನಾಗಿ ಏಳುತ್ತವೆ. ಸತ್ತ ರಾಕ್ಷಸನಿಗೆ ಎರಡು ನಿಮಿಷದ ಕಣ್ಣೀರಿನ ಹಿಂದಿನ ಕಥೆ ಕೊಟ್ಟು ಮುಂದಿನವನ ಕೊರಳಿಗೆ ಹೋಗುತ್ತದೆ. ಥಿಯೇಟರುಗಳನ್ನು ತುಂಬಿಸಿದ್ದು ಇದೇ ಎಂಬುದು ಅದರ ಯೋಗ್ಯತೆಯ ಪ್ರಮಾಣಪತ್ರ ಆಗುವುದಿಲ್ಲ.

ಹಿಂಸೆ ಹುಡುಗರ ತಲೆ ಕೆಡಿಸುತ್ತದೆ ಎಂಬ ಹಿರಿಯರ ಮಾತಿಗೆ ಉತ್ತರ ಕೊಡಬೇಕು. ‘ವಿನ್‌ಲ್ಯಾಂಡ್ ಸಾಗಾ’ ದೊಡ್ಡವರಿಗೆ ಕಟ್ಟಿದ ಕಥೆ, ಸಣ್ಣ ಮಕ್ಕಳ ಕೈಗೆ ಕೊಡುವಂಥದಲ್ಲ. ಅದನ್ನು ನೋಡಿಕೊಳ್ಳುವುದು ಮನೆಯವರ ಹೊಣೆ. ಆದರೆ ಅದೇ ಹಿರಿಯರು ಮಕ್ಕಳು ಮೊಮ್ಮಕ್ಕಳ ಸಮೇತ ‘ಕೆಜಿಎಫ್’ಗೆ ಹೋಗಿ ಶಿಳ್ಳೆ ಹೊಡೆದು ಬಂದಿದ್ದಾರೆ. ಅಲ್ಲಿ ಗುಂಡಿಗೆ ಬೀಳುವವರಿಗೆ ಹೆಸರಿಲ್ಲ, ಅವರ ಮನೆಯಿಲ್ಲ, ಅವರ ಹೆಂಡತಿ ಹಾಡುವುದಿಲ್ಲ. ನಾಯಕನ ನಡಿಗೆಗೆ ಹಿನ್ನೆಲೆ ಒದಗಿಸುವುದಷ್ಟೇ ಆ ಹೆಣಗಳ ಕೆಲಸ. ಗಣಿಯ ಕೆಂಪು ಧೂಳಿನಲ್ಲಿ ಬಾಳುವ ಬಳ್ಳಾರಿಗೆ ಗಣಿಯಲ್ಲಿ ಸಾಯುವವನ ಹೆಸರು ಯಾಕೆ ಬೇಕೆಂದು ಹೇಳಿಕೊಡಬೇಕಾಗಿಲ್ಲ. ನೋಡುವವನ ಮನಸ್ಸು ಗಡುಸಾಗುವುದು ಹೆಸರಿಲ್ಲದ ಹೆಣಗಳನ್ನು ನೋಡಿ. ಆ್ಯನ್ ಎಂಬ ಹುಡುಗಿಯ ಹೆಸರು ಗೊತ್ತಿರುವ ಪ್ರೇಕ್ಷಕ ಅಷ್ಟು ಸುಲಭವಾಗಿ ಗಡುಸಾಗುವುದಿಲ್ಲ.

ಅನಿಮೇಷನ್ ಎಂದರೆ ಮಕ್ಕಳದು ಎಂಬ ನಂಬಿಕೆ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಲು ಒಂದು ಚಾರಿತ್ರಿಕ ಕಾರಣವೂ ಇದೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯಂಥವರ ಹೋರಾಟದಿಂದ ಡಬ್ಬಿಂಗ್ ಚಿತ್ರಗಳು ನಿಂತವು. ಕನ್ನಡ ಚಿತ್ರರಂಗ ಕಾಲೂರಿ ನಿಲ್ಲಲು ಅಂದು ಅದು ಬೇಕಿತ್ತು, ಆ ಹೋರಾಟಕ್ಕೆ ಋಣಿಯಾಗಿರಲೇಬೇಕು. ಅದು ಅರ್ಧ ಶತಮಾನದ ತಡೆಯಾಗಿ ಬೆಳೆದದ್ದು ಬೇರೆ ಕಥೆ. 2009ರಲ್ಲಿ ಚಿಂಟು ಟಿವಿ ಬಂದಾಗ ಪರದೇಶದ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡಿದವು, ಮಕ್ಕಳ ಸರಕೆಂದು ಯಾರೂ ತಡೆಯಲಿಲ್ಲ. ದೊಡ್ಡವರ ಪರದೇಶಿ ಕಥೆಗಳಿಗೆ ಮಾತ್ರ ಕನ್ನಡ ಬಾಯಿ ಮುಚ್ಚಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ಅಘೋಷಿತ ನಿಷೇಧದ ವಿರುದ್ಧ ಆದೇಶ ಕೊಟ್ಟಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಮತ್ತೆ ಬಂದವು. ಅಷ್ಟರಲ್ಲಿ ಒಂದು ಪೀಳಿಗೆ ಚಲಿಸುವ ಚಿತ್ರವನ್ನು ಕನ್ನಡದಲ್ಲಿ ಕೇಳಿದ್ದು ಬಾಲ್ಯದಲ್ಲಷ್ಟೇ. ದೊಡ್ಡವರಾದ ಮೇಲೆ ಅದೇ ಪೀಳಿಗೆ ಅನಿಮೆಯನ್ನು ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲೋ ಹಿಂದಿಯಲ್ಲೋ ಕಂಡಿತು.

2025ರ ಸೆಪ್ಟೆಂಬರ್ 12ರಂದು ‘ಡೆಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದಲ್ಲಿ ಬಿಡುಗಡೆಯಾದಾಗ ಜಪಾನಿ, ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗು ದನಿಗಳಿದ್ದವು. ಕನ್ನಡ ಇರಲಿಲ್ಲ. ಬಳ್ಳಾರಿಯ ಹುಡುಗನಿಗೆ ತೆಲುಗು ಬರುತ್ತದೆ, ಅವನು ತೆಲುಗಿನಲ್ಲಿ ನೋಡಿದ. ಅದರಲ್ಲಿ ತಪ್ಪೇನೂ ಇಲ್ಲ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದ ಬಳ್ಳಾರಿ ರಾಘವರ ಊರಿದು. ಎರಡು ನುಡಿ ಒಂದೇ ಓಣಿಯಲ್ಲಿ ಇರುವುದು ಇಲ್ಲಿನ ಸಂಪತ್ತು. ಆದರೆ ಹೋರಾಡಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರಿದ, ಅದಕ್ಕಾಗಿ ರಂಜಾನ್ ಸಾಬ್ ಪ್ರಾಣ ಕೊಟ್ಟ ಊರಿನಲ್ಲಿ ಜಪಾನಿನ ಯೋಧ ತೆಲುಗು ಮಾತಾಡಬಲ್ಲ, ಕನ್ನಡ ಮಾತಾಡಲಾರ ಎಂಬುದನ್ನು ತಣ್ಣಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಅದೇ ವರ್ಷದ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ ಈ ಮಾತಿಗೆ ಒತ್ತು ಕೊಡುತ್ತದೆ. ಹಿರಣ್ಯಕಶಿಪುವಿನ ಕರುಳು ಬಗೆಯುವ ಆ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿತು, ಅಜ್ಜ ಅಜ್ಜಿಯರೂ ಹೋಗಿ ನೋಡಿದರು. ಅದನ್ನು ಯಾರೂ ಮಕ್ಕಳ ಕಾರ್ಟೂನು ಅನ್ನಲಿಲ್ಲ, ಹಿಂಸೆ ಹೆಚ್ಚಾಯಿತೆಂದೂ ದೂರಲಿಲ್ಲ. ದೇವರ ಉಗುರಿನಿಂದ ಚಿಮ್ಮಿದ ರಕ್ತಕ್ಕೆ ಇರುವ ಮರ್ಯಾದೆ ಗುಲಾಮನೊಬ್ಬನ ಮುಖದಿಂದ ಸುರಿದ ರಕ್ತಕ್ಕೂ ಸಲ್ಲಬೇಕು.

ಕೆಲಸ ಕಷ್ಟದ್ದಲ್ಲ. ಹಳ್ಳಿಯ ನಾಟಕಗಳಿಗೆ ಶಕುನಿ ಕಟ್ಟುವ, ದುರ್ಯೋಧನನ ಮಾತನ್ನು ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುವ ಕಲಾವಿದರು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ತಾಲ್ಲೂಕಿನಲ್ಲಿದ್ದಾರೆ. ಮರಿಯಮ್ಮನಹಳ್ಳಿಯ ಕಲಾವಿದೆಯರ ದನಿಯ ಪಳಗಿಕೆ ಎಲ್ಲರಿಗೂ ಗೊತ್ತು. ನಗುತ್ತಲೇ ಮೋಸ ಮಾಡುವ ಆಸ್ಕೆಲಾಡ್‌ಗೆ ಒಬ್ಬ ಒಳ್ಳೆಯ ಶಕುನಿ ಪಾತ್ರಧಾರಿ ಸಾಕು. ಆರ್ನ್‌ಹೈಡ್‌ಳ ಸಾವಿನ ಕಂತಿಗೆ ದ್ರೌಪದಿಯ ಅಳಲನ್ನು ಹತ್ತಾರು ರಾತ್ರಿ ಹಾಡಿದ ಕಂಠ ಬೇಕು, ಅದೂ ಇದೆ. ಇಂಥ ಸರಣಿಗಳ ಹಕ್ಕು ಕೊಂಡು ಹಂಚುವ ಕಂಪನಿಗಳು ಹೈದರಾಬಾದು, ಚೆನ್ನೈಗಳಲ್ಲಿ ದನಿ ಹುಡುಕುವಂತೆ ಬಳ್ಳಾರಿಗೂ ಬರಲಿ. ಅವರು ಬರಬೇಕಾದರೆ ಈ ಊರಿನ ಓದುಬಲ್ಲವರು ಮೊದಲು ಎರಡನೆಯ ಸೀಸನ್ನಿನ 24 ಕಂತುಗಳನ್ನು ಕೂತು ನೋಡಿ, ಆಮೇಲೆ ತೀರ್ಪು ಕೊಡಲಿ.